ಏಳು ತಿಂಗಳಾದರೂ ಕೆಡದ ಮಳೆ ನೀರು: ನನ್ನ ಅನುಭವ

ಮಳೆ ನಿಂತು ಏಳು ತಿಂಗಳಾಯಿತು. ತಾರಸಿಯ ಮಳೆ ನೀರು ಹಿಡಿದಿಟ್ಟ ಟ್ಯಾಂಕಿನಲ್ಲಿ ಇನ್ನೂ ಅರ್ಧದ ಹತ್ತಿರ ನೀರಿದೆ. ಹೋದ ವಾರ ಒಂದು ಗಾಜಿನ ಲೋಟಕ್ಕೆ ತುಂಬಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಕಣವೂ ತೇಲಲಿಲ್ಲ. ವಾಸನೆ ಇಲ್ಲ. ಎಚ್‌ಟುಎಸ್ ಬಾಟಲಿಗೆ ಹಾಕಿ ಎರಡು ದಿನ ಇಟ್ಟೆ (ನೀರಲ್ಲಿ ಮಲದ ಕ್ರಿಮಿ ಇದ್ದರೆ ಕಪ್ಪಾಗುವ ಪರೀಕ್ಷೆ), ಕಪ್ಪಾಗಲಿಲ್ಲ. "ಮಳೆ ನೀರಲ್ಲಿ ಹದಿನೈದು ದಿನಕ್ಕೆ ಹುಳ ಬೀಳುತ್ತೆ ಕಣೋ, ಸುಮ್ನೆ ದುಡ್ಡು ಹಾಳು" ಎಂದು ನಾಲ್ಕು ವರ್ಷದಿಂದ ಹೇಳುತ್ತಿದ್ದ ನಮ್ಮಣ್ಣ ಆ ಲೋಟವನ್ನು ಮೂಸಿ ನೋಡಿದ. ಏನೂ ಮಾತಾಡಲಿಲ್ಲ. ಹೋಗುವಾಗ ಎರಡು ಕ್ಯಾನ್ ತುಂಬಿಸಿಕೊಂಡು ಹೋದ. ಅವತ್ತೇ ಇದನ್ನು ಬರೆಯಬೇಕು ಅನಿಸಿತು.

ಈ ಕೆಲಸ ಮಾಡಿದವರಿಗೆ ಮಳೆಯ ಲೆಕ್ಕ ಹೇಳಬೇಕಿಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್, ಅಷ್ಟೇ. ನಮ್ಮ ತಾರಸಿ 110 ಚದರ ಮೀಟರ್ ಇರಬಹುದು. ನೂರಕ್ಕೆ ಎಂಬತ್ತು ಪಾಲು ಕೈಗೆ ಸಿಕ್ಕರೂ 10 ಮಿಲಿಮೀಟರಿನ ಒಂದು ಮಳೆಗೆ 900 ಲೀಟರ್ ಹತ್ತಿರ ಬರುತ್ತದೆ. ನೀರು ಹಿಡಿಯುವುದು ನನಗೆ ಯಾವತ್ತೂ ಕಷ್ಟ ಆಗಲಿಲ್ಲ. ಹಿಡಿದದ್ದನ್ನು ಕೆಡದ ಹಾಗೆ ಇಡುವುದಕ್ಕೆ ಮೂರು ಮಳೆಗಾಲ ಹೋಯಿತು.

ಮೊದಲ ವರ್ಷ 2,000 ಲೀಟರಿನ ಹಳೇ ಪ್ಲಾಸ್ಟಿಕ್ ಟ್ಯಾಂಕ್ ತಂದೆ. ಬಿಳಿ ಬಣ್ಣದ್ದು, ತೆಳುವಾದದ್ದು. ಹೊಸದರ ಮೂರನೇ ಒಂದು ಭಾಗದ ಬೆಲೆಗೆ ಸಿಕ್ಕಿತು ಎಂದು ಖುಷಿಪಟ್ಟೆ. ಬಿಸಿಲಿನಲ್ಲಿ ಒಳಗೆ ಕೈ ಇಟ್ಟರೆ ಹೊರಗಿಂದ ನೆರಳು ಕಾಣುತ್ತಿತ್ತು. ಬೆಳಕು ಹೋದ ಕಡೆ ಪಾಚಿ ಬರುತ್ತದೆ, ಅದು ಗೊತ್ತಿದ್ದದ್ದೇ. ಆದರೂ ಅಗ್ಗ ಎಂದು ತಂದೆ. ಮೂರು ವಾರಕ್ಕೆ ನೀರು ಹಸಿರಾಯಿತು, ಗೋಡೆ ಲೋಳೆಯಾಯಿತು. ಮನೆಯವಳು ಒಂದು ಚೊಂಬು ಎತ್ತಿ ನೋಡಿ, "ಇದನ್ನ ಅಡುಗೆ ಮನೆ ಒಳಗೆ ತರಬೇಡಿ" ಎಂದಳು. ಎಲ್ಲವನ್ನೂ ಗಿಡಕ್ಕೆ ಬಿಟ್ಟೆ.

ಆ ವರ್ಷದ ದೊಡ್ಡ ತಪ್ಪು ಬೇರೆಯೇ ಇತ್ತು. ಫಸ್ಟ್ ಫ್ಲಶ್ (ತಾರಸಿ ತೊಳೆದ ಮೊದಲ ಕೊಳೆ ನೀರನ್ನು ಟ್ಯಾಂಕಿಗೆ ಬಿಡದೆ ಬೇರೆ ಹಿಡಿಯುವುದು) ಎಂದು ನಾಲ್ಕು ಇಂಚಿನ ಪೈಪನ್ನು ಒಂದು ಮೀಟರ್ ಇಳಿಬಿಟ್ಟು ಎಂಡ್ ಕ್ಯಾಪ್ ಹಾಕಿದ್ದೆ. ಅದರಲ್ಲಿ ಹಿಡಿಯುವುದು ಎಂಟು ಲೀಟರ್ ಚಿಲ್ಲರೆ. 110 ಚದರ ಮೀಟರ್ ತಾರಸಿಯ ಧೂಳು, ಎಲೆ, ಹಕ್ಕಿ ಹಿಕ್ಕೆ ಎಲ್ಲ ಎಂಟು ಲೀಟರಿನಲ್ಲಿ ತೊಳೆದು ಹೋಗುತ್ತದಾ? ನಾನು ನೋಡಿದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಷ್ಟೇ ಉದ್ದದ ಪೈಪು ನೇತಾಡುತ್ತಿದೆ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡನೇ ವರ್ಷ ಗಟ್ಟಿ ಮನಸ್ಸು ಮಾಡಿ 10,000 ಲೀಟರಿನ ಸಿಮೆಂಟ್ ಟ್ಯಾಂಕ್ ಕಟ್ಟಿಸಿದೆ. ಅದಕ್ಕೇ ಎರಡು ತಿಂಗಳ ಸಂಬಳ ಹೋಯಿತು. ಈಗ ಲೆಕ್ಕ ಹಾಕಿದರೆ ಅಷ್ಟು ದೊಡ್ಡದು ಬೇಕಿರಲಿಲ್ಲ. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಧಾರಾಳ. ಏಳು ತಿಂಗಳು, ಅಂದರೆ 210 ದಿನ ಒಂದು ಹನಿ ಬೀಳದಿದ್ದರೂ 5,250 ಲೀಟರ್. 6,000ದ ಟ್ಯಾಂಕ್ ಸಾಕಿತ್ತು. "ಹೇಗಿದ್ರೂ ಗುಂಡಿ ತೆಗೀತೀವಿ, ದೊಡ್ಡದೇ ಮಾಡ್ಸಿ ಸಾರ್" ಎಂದ ಮೇಸ್ತ್ರಿ ಮಾತು ಕೇಳಿದೆ. ಟ್ಯಾಂಕಿನ ಅಳತೆಯನ್ನು ತಾರಸಿ ನೋಡಿ ನಿರ್ಧರಿಸಬೇಡಿ. ಮಳೆ ಇಲ್ಲದ ದಿನ ಎಷ್ಟು, ದಿನಕ್ಕೆ ಎಷ್ಟು ಕೊಡ ಬೇಕು, ಅದನ್ನು ನೋಡಿ.

ಟ್ಯಾಂಕಿನ ಮುಂದೆ ಎಲ್ಲರೂ ಮಾಡುವ ಹಾಗೆ 200 ಲೀಟರಿನ ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಮರಳು ತುಂಬಿಸಿ ಫಿಲ್ಟರ್ ಇಟ್ಟೆ. ಸಣ್ಣ ಮಳೆಯಲ್ಲಿ ಚೆನ್ನಾಗಿಯೇ ಇಳಿಯಿತು. ಆಮೇಲೆ ಒಂದು ಸಂಜೆ ಜೋರು ಮಳೆ ಬಂತು. ಗಂಟೆಗೆ 50 ಮಿಲಿಮೀಟರ್ ವೇಗದ ಮಳೆಗೆ ನಮ್ಮ ತಾರಸಿಯಿಂದ ಗಂಟೆಗೆ 5,000 ಲೀಟರ್ ಮೇಲೆ ಇಳಿಯುತ್ತದೆ. ಡ್ರಮ್ಮಿನ ಮರಳಿನಲ್ಲಿ ಸಾವಿರ ಲೀಟರ್ ಇಳಿದರೆ ಹೆಚ್ಚು. ಮಿಕ್ಕಿದ್ದೆಲ್ಲ ಡ್ರಮ್ಮಿನ ಬಾಯಿಂದ ಉಕ್ಕಿ ಅಂಗಳಕ್ಕೆ ಹೋಯಿತು. ಟ್ಯಾಂಕು ಕಾಲು ಭಾಗವೂ ತುಂಬಿರಲಿಲ್ಲ. ಕೊಡೆ ಹಿಡಿದು ನಿಂತು ನೋಡುತ್ತಾ ಇದ್ದೆ, ಹೊಟ್ಟೆ ಉರಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡು ಮಳೆ ನಡುವೆ ಹತ್ತು ದಿನ ಬಿಡುವು ಸಿಕ್ಕಾಗ ಡ್ರಮ್ಮಿನೊಳಗಿನ ಒದ್ದೆ ಮರಳು ಕೊಳೆಯಿತು. ಕೈ ಹಾಕಿ ಬಗೆದರೆ ಕೆಳಗೆ ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ. ಮುಂದಿನ ಮಳೆಯ ಒಳ್ಳೇ ನೀರು ಆ ಕೊಳಕನ್ನು ತೊಳೆದುಕೊಂಡು ಟ್ಯಾಂಕಿಗೆ ಹೋಗುತ್ತಿತ್ತು. ಒಂದೇ ಮಳೆಗಾಲದಲ್ಲಿ ನಾಲ್ಕು ಸಲ ಮರಳು ತೆಗೆದು ತೊಳೆದೆ. ನಾಲ್ಕನೇ ಸಲ ಬೆನ್ನು ಹಿಡಿದುಕೊಂಡಾಗ ಹೊಳೆಯಿತು: ಫಿಲ್ಟರ್ ಇಟ್ಟ ಜಾಗವೇ ತಪ್ಪು. ಟ್ಯಾಂಕಿನ ಮುಂದೆ ಬರೀ ಜಾಲರಿ ಸಾಕು. ಮರಳು ಬೇಕಿದ್ದರೆ ಟ್ಯಾಂಕಿನ ನಂತರ, ಅಡುಗೆ ಮನೆಯ ಲೈನಿನಲ್ಲಿ ಇರಲಿ. ಅಲ್ಲಿ ನೀರು ನಿಧಾನವಾಗಿ, ದಿನಾ ಹರಿಯುತ್ತದೆ. ಮರಳು ಕೊಳೆಯುವುದಿಲ್ಲ. ಇದನ್ನು ನನ್ನ ಪ್ಲಂಬರ್ ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವನ ಮನೆಯ ಡ್ರಮ್ ಈ ವರ್ಷವೂ ಉಕ್ಕಿದೆ.

ಮೂರನೇ ವರ್ಷ ಮಳೆ ಶುರುವಾಗುವ ಮುಂಚೆ ಒಂದು ಪರೀಕ್ಷೆ ಮಾಡಬೇಕೆಂದುಕೊಂಡೆ. ತಾರಸಿ ತೊಳೆಯಲು ನಿಜವಾಗಿ ಎಷ್ಟು ನೀರು ಬೇಕು? ಮೊದಲ ಮಳೆಯ ದಿನ ನಾನು, ಮಗ ಇಬ್ಬರೂ ಪೈಪಿನ ಕೆಳಗೆ ನಿಂತೆವು. 15 ಲೀಟರಿನ ಎರಡು ಬಕೆಟ್. ಒಂದು ತುಂಬಿದ ಕೂಡಲೇ ಅವನು ಎಳೆದು ಇನ್ನೊಂದನ್ನು ತಳ್ಳುವುದು, ನಾನು ತುಂಬಿದ ಬಕೆಟಿನಿಂದ ಒಂದು ಬಾಟಲಿ ಹಿಡಿದು ನಂಬರ್ ಬರೆದು ಇಡುವುದು. ಅರ್ಧ ನಿಮಿಷಕ್ಕೊಂದು ಬಕೆಟ್ ತುಂಬುತ್ತಿತ್ತು, ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಹತ್ತು ಬಾಟಲಿಗಳನ್ನು ಕಟ್ಟೆ ಮೇಲೆ ಸಾಲಾಗಿ ಇಟ್ಟೆವು. ಮೊದಲನೆಯದು ಕೆಮ್ಮಣ್ಣಿನ ಬಣ್ಣ, ಬುಡದಲ್ಲಿ ಒಂದು ಬೆರಳು ಗಸಿ. ಮೂರನೆಯದು ಮಬ್ಬು. ಐದನೆಯದು ತಿಳಿ ಎನ್ನಬಹುದು, ಆದರೆ ಅಲ್ಲಾಡಿಸಿದರೆ ಸಣ್ಣ ಕಪ್ಪು ಚೂರುಗಳು ಏಳುತ್ತಿದ್ದವು. ಎಂಟನೆಯದರಿಂದ ಮುಂದೆ ಏನೂ ಇಲ್ಲ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಮೊದಲ ಬಾಟಲಿಯಲ್ಲಿ 140ರ ಹತ್ತಿರ ತೋರಿಸಿತು, ಕೊನೆಯದರಲ್ಲಿ ಇಪ್ಪತ್ತರ ಒಳಗೆ.

ಎಂಟು ಬಕೆಟ್ ಅಂದರೆ 120 ಲೀಟರ್. ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಮಳೆ. ಅರ್ಧ ಮಿಲಿಮೀಟರ್ ಸಾಕು ಎನ್ನುವವರೂ ಇದ್ದಾರೆ. ನಮ್ಮ ತಾರಸಿ ಮೇಲೆ ಪಕ್ಕದ ಮರದ ಕೊಂಬೆ ಬಾಗಿದೆ, ಹಕ್ಕಿಗಳು ಜಾಸ್ತಿ. ನಮಗೆ ಸಾಲಲಿಲ್ಲ. ನಿಮ್ಮ ಸೂರಿಗೆ ಎಷ್ಟು ಎಂದು ನೀವೇ ಹತ್ತು ಬಾಟಲಿ ಹಿಡಿದು ನೋಡಿ. ಖರ್ಚಿಲ್ಲ, ಒಂದು ಸಲ ನೆನೆಯಬೇಕು ಅಷ್ಟೇ.

ಎರಡನೇ ವರ್ಷದ ಆ ಮರಳಿನ ಡ್ರಮ್ಮನ್ನೇ ಖಾಲಿ ಮಾಡಿ ಫಸ್ಟ್ ಫ್ಲಶ್‌ಗೆ ಹಾಕಿದೆ. ಇಳಿಯುವ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಒಂದು ಬಾಯಿ ಡ್ರಮ್ಮಿಗೆ, ಇನ್ನೊಂದು ಟ್ಯಾಂಕಿಗೆ. ಡ್ರಮ್ ತುಂಬಿದ ಮೇಲೆ ಚೆಂಡು ತೇಲಿ ಬಂದು ಬಾಯಿ ಮುಚ್ಚುತ್ತದೆ, ಆಮೇಲೆ ನೀರು ಟ್ಯಾಂಕಿನ ಕಡೆ ತಿರುಗುತ್ತದೆ. ಬುಡದಲ್ಲಿ ಒಂದು ಸಣ್ಣ ತೂತು, ಅದರಿಂದ ತೊಟ್ಟಿಕ್ಕಿ ಮುಂದಿನ ಮಳೆ ಹೊತ್ತಿಗೆ ಖಾಲಿ. ಎಲ್ಲರಿಗೂ ಗೊತ್ತಿರುವ ವಿದ್ಯೆ. ತೊಂದರೆ ಎಲ್ಲ ಆ ತೂತಿನದ್ದೇ. ಗಸಿ ಕಟ್ಟಿ ಮುಚ್ಚಿಕೊಳ್ಳುತ್ತದೆ, ಡ್ರಮ್ ತುಂಬಿಯೇ ಇರುತ್ತದೆ, ಮುಂದಿನ ಮಳೆಯ ಕೊಳೆ ನೇರ ಟ್ಯಾಂಕಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಮೂರು ಸಲ ಹೀಗಾಯಿತು. ಈಗ ಆಗುವುದಿಲ್ಲ. ಅಲ್ಲಿ ಏನು ಹಾಕಿದ್ದೇನೆ, ತೂತಿನ ಅಳತೆ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ತುಂಬಾ ಪಾಡುಪಟ್ಟಿದ್ದೇನೆ. ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಟ್ಯಾಂಕಿನ ಒಳಗೆ ಎರಡೇ ಬದಲಾವಣೆ. ಒಳಗೆ ಬರುವ ಪೈಪು ಮೇಲಿಂದ ಧುಮುಕದೆ ಬುಡದ ತನಕ ಇಳಿದು, ಎರಡು ಎಲ್ಬೋ (ಬಾಗಿದ ಜೋಡಣೆ) ಹಾಕಿ ಬಾಯಿ ಮೇಲಕ್ಕೆ ತಿರುಗಿದೆ. ಹೀಗಾಗಿ ಎಷ್ಟು ಜೋರು ಮಳೆ ಬಂದರೂ ತಳದ ಗಸಿ ಕದಡುವುದಿಲ್ಲ. ನೀರು ಎಳೆಯುವ ಪೈಪು ತಳದಲ್ಲಿಲ್ಲ. ಬಗ್ಗುವ ಹೋಸಿನ ತುದಿಗೆ ತೇಲುವ ಡಬ್ಬ ಕಟ್ಟಿ, ನೀರಿನ ಮೇಲ್ಮೈಯಿಂದ ಒಂದು ಗೇಣು ಕೆಳಗೆ ಬಾಯಿ ಇರುವ ಹಾಗೆ ಬಿಟ್ಟಿದ್ದೇನೆ. ಅಲ್ಲಿ ಕೆನೆಯೂ ಬರುವುದಿಲ್ಲ, ಗಸಿಯೂ ಬರುವುದಿಲ್ಲ. ನೀರು ಇಷ್ಟು ದಿನ ಉಳಿಯುವುದು ಇದರಿಂದಲೇ ಎಂದು ನನ್ನ ನಂಬಿಕೆ. ಫಿಲ್ಟರಿಗೆ ಸುರಿದ ದುಡ್ಡಿನ ಹತ್ತನೇ ಒಂದು ಭಾಗವೂ ಇದಕ್ಕೆ ಆಗಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಕೈ ನೋಡಲು ಹೋಗಿ ಪೆಟ್ಟು ತಿಂದೆ. ಟ್ಯಾಂಕ್ ತುಂಬಿ ಹೊರಗೆ ಹೋಗುವ ನೀರು ಮೇಲಿನ ಒಳ್ಳೆಯದು ಯಾಕಾಗಬೇಕು, ತಳದ ಹಳೆಯದೇ ಹೋಗಲಿ ಎಂದು ಓವರ್‌ಫ್ಲೋ ಪೈಪನ್ನು ಬುಡಕ್ಕೆ ಇಳಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೇಲಿನ ಬಾಗಿನಲ್ಲಿ ಗಾಳಿ ತೂತು ಬಿಡಲು ಮರೆತೆ. ರಾತ್ರಿ ಟ್ಯಾಂಕ್ ತುಂಬಿ ಪೈಪು ಪೂರ್ತಿ ನೀರು ಹಿಡಿದ ಕೂಡಲೇ ಸೈಫನ್ ಶುರುವಾಯಿತು: ಪೈಪಿನ ಹೊರಬಾಯಿ ಟ್ಯಾಂಕಿನ ಬುಡಕ್ಕಿಂತ ತಗ್ಗಿನಲ್ಲಿ ಇದ್ದದ್ದರಿಂದ ನೀರು ತಾನೇ ಎಳೆದುಕೊಂಡು ಹರಿಯತೊಡಗಿತು. ಮಳೆ ನಿಂತ ಮೇಲೂ ಎಳೆಯುತ್ತಲೇ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದರೆ ತಳ ಕಾಣುತ್ತಿದೆ. ಹತ್ತು ಸಾವಿರ ಲೀಟರ್ ಒಂದೇ ರಾತ್ರಿಯಲ್ಲಿ ಹೋಗಿತ್ತು. ಈಗ ಬಾಗಿನ ನೆತ್ತಿಯಲ್ಲಿ ಒಂದು ಗಾಳಿ ಪೈಪ್ ನಿಲ್ಲಿಸಿದ್ದೇನೆ, ಸರಿಯಾಗಿದೆ. ಓವರ್‌ಫ್ಲೋ ಹೊರಬಾಯಿಗೆ ಜಾಲರಿ ಕಟ್ಟುವುದನ್ನೂ ಮರೆಯಬೇಡಿ. ಮೇಲಿನ ಮುಚ್ಚಳಕ್ಕೆ ಎರಡು ಪದರ ಪರದೆ ಹಾಕಿದ್ದರೂ ಎರಡನೇ ವರ್ಷ ಸೊಳ್ಳೆಗಳು ಒಳಗೆ ಹೋಗಿದ್ದು ಅಲ್ಲಿಂದಲೇ. ತೂತು ಒಂದು ಮಿಲಿಮೀಟರಿಗಿಂತ ಸಣ್ಣದಿರಬೇಕು.

ಸಿಮೆಂಟ್ ಟ್ಯಾಂಕ್ ಕಟ್ಟಿಸುವವರಿಗೆ ಒಂದು ಮಾತು. ಹೊಸ ಸಿಮೆಂಟಿನಲ್ಲಿ ಸುಣ್ಣ ಬಿಡುತ್ತದೆ. ಮೊದಲ ಸಲ ತುಂಬಿದ ನೀರಿಗೆ ಪಿಎಚ್ ಕಾಗದ (ಹುಳಿ-ಕ್ಷಾರದ ಅಳತೆ, ಏಳು ಅಂದರೆ ಸಮ) ಅದ್ದಿದರೆ ಹತ್ತರ ಬಣ್ಣ ಬಂತು, ನಾಲಿಗೆಗೆ ಜಾರಿದ ಹಾಗೆ ರುಚಿ. ಎರಡು ಸಲ ತುಂಬಿಸಿ ಖಾಲಿ ಮಾಡಿದ ಮೇಲೆ ಇಳಿಯಿತು. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಇದರ ಉಲ್ಟಾ. ಮಳೆ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ, ಪಿಎಚ್ 5.6ರ ಆಸುಪಾಸು. ಲೋಹದ ನಲ್ಲಿಯನ್ನು ಮೆಲ್ಲಗೆ ತಿನ್ನುತ್ತದೆ. ಆ ಹಳೇ ಪ್ಲಾಸ್ಟಿಕ್ ಟ್ಯಾಂಕಿಗೆ ಕಪ್ಪು ಬಣ್ಣ ಬಳಿದು, ಒಂದು ಚೀಲ ಮಾರ್ಬಲ್ ಚೂರು ತೊಳೆದು ಒಳಗೆ ಇಳಿಬಿಟ್ಟು ನೋಡಿದೆ. ಎರಡು ವಾರಕ್ಕೆ ಏಳರ ಹತ್ತಿರ ಬಂತು. ಪಾಚಿಯೂ ಬರಲಿಲ್ಲ. ಆ ನೀರು ಬಟ್ಟೆ ಒಗೆಯಲು, ಗೀಸರಿಗೆ. ಸೋಪು ಅರ್ಧ ಸಾಕು ಎಂದು ಮನೆಯವಳೇ ಹೇಳಿದಳು. ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುವುದೂ ನಿಂತಿದೆ.

ಕುಡಿಯುವ ವಿಷಯದಲ್ಲಿ ಮಾತ್ರ ನಾನು ಧೈರ್ಯ ತೋರಿಸುವುದಿಲ್ಲ. ನೀರು ಎಷ್ಟೇ ತಿಳಿ ಇರಲಿ, ಹಕ್ಕಿ ಕೂತ ಸೂರಿನಿಂದ ಬಂದದ್ದು ಅಲ್ವಾ? ಕ್ಯಾಂಡಲ್ ಫಿಲ್ಟರಿಗೆ ಹಾಕಿ, ಒಂದು ನಿಮಿಷ ಚೆನ್ನಾಗಿ ಕುದಿಸಿಯೇ ಕುಡಿಯುತ್ತೇವೆ. ಟ್ಯಾಂಕು ತೊಳೆದ ವರ್ಷ ಸಾವಿರ ಲೀಟರಿಗೆ ನೂರಕ್ಕೆ ಐದರ ಹೈಪೋಕ್ಲೋರೈಟ್ (ಕ್ರಿಮಿ ಕೊಲ್ಲುವ ಕ್ಲೋರಿನ್ ದ್ರಾವಣ) 40 ಮಿಲಿಲೀಟರ್ ಲೆಕ್ಕದಲ್ಲಿ ಹಾಕಿದ್ದೆ. ಆಮೇಲೆ ಟ್ಯಾಂಕಿಗೆ ಏನೂ ಹಾಕಿಲ್ಲ.

ಒಟ್ಟು ಖರ್ಚನ್ನು ಹತ್ತು ಪಾಲು ಮಾಡಿದರೆ ಆರು ಪಾಲು ಟ್ಯಾಂಕಿಗೆ, ಒಂದೂವರೆ ಪೈಪು ಮತ್ತು ಕೂಲಿಗೆ, ಒಂದು ಪಂಪಿಗೆ. ಮಿಕ್ಕ ಒಂದೂವರೆ ಪಾಲು ಕಿತ್ತು ಬಿಸಾಡಿದ್ದಕ್ಕೆ. ಮೊದಲು ತಿಂಗಳಿಗೆ ನಾಲ್ಕು ಸಲ ನೀರು ಕೊಂಡು ತರುತ್ತಿದ್ದೆವು. ಅದರ ದುಡ್ಡು ಉಳಿದ ಲೆಕ್ಕದಲ್ಲಿ ಆರು ವರ್ಷಕ್ಕೆ ಹಾಕಿದ್ದು ವಾಪಸ್ ಬರುತ್ತದೆ. ಚಿಕ್ಕ ಟ್ಯಾಂಕ್ ಕಟ್ಟಿಸಿದ್ದರೆ ನಾಲ್ಕೈದು ವರ್ಷ ಸಾಕಿತ್ತು.

ಈ ಸಲ ಹಿಂದುಗಡೆಯ ತಗಡಿನ ಸೂರನ್ನೂ ಸೇರಿಸುತ್ತೇನೆ. ಅದು 20 ಚದರ ಮೀಟರ್ ಇದೆ, ತಗಡು ಬೇಗ ತೊಳೆದುಕೊಳ್ಳುತ್ತದೆ. ಅದಕ್ಕೆ ಬೇರೆಯೇ ಚಿಕ್ಕ ಡ್ರಮ್ ಸಾಕು ಎಂದು ಅಂದಾಜು. ಪೈಪು ತಂದು ಇಟ್ಟಿದ್ದೇನೆ, ಹತ್ತು ಖಾಲಿ ಬಾಟಲಿಗಳಿಗೆ ಮಗ ಆಗಲೇ ನಂಬರ್ ಬರೆದಿದ್ದಾನೆ. ಅಣ್ಣನೂ ಬರುತ್ತೇನೆ ಎಂದಿದ್ದಾನೆ, ಬಕೆಟ್ ಎಳೆಯಲು.