ಇಂಗಾಲದ ಲೆಕ್ಕ ಸಿಕ್ಕಿದ್ದು ಸ್ಟೋರ್ ರೂಮಿನಲ್ಲಿ

ಇಂಗಾಲ ತಗ್ಗಿಸುತ್ತೇವೆಂದು ಗುರಿ ಹಾಕಿಕೊಂಡ ಮೂರು ನಿರ್ಮಾಣ ಕಂಪನಿಗಳಲ್ಲಿ ಯಾರು ನಿಜಕ್ಕೂ ತಗ್ಗಿಸಿದ್ದಾರೆ ಎಂದು ಅಳೆದು ಕೊಡಬೇಕಿತ್ತು. ಮೊದಲು ವರದಿಗಳನ್ನೇ ಓದಿ ಮೋಸಹೋದೆ. ಒಂದರಲ್ಲಿ ಡೀಸೆಲ್ ಬಾಬತ್ತಿನ ಹೊರಸೂಸುವಿಕೆ ಒಂದೇ ವರ್ಷದಲ್ಲಿ ಅರ್ಧಕ್ಕಿಳಿದಿತ್ತು. ಸೈಟಿಗೆ ಹೋದರೆ ಜೆಸಿಬಿ, ಟಿಪ್ಪರ್ ಎಲ್ಲ ಮೊದಲಿನಂತೆಯೇ ಓಡುತ್ತಿವೆ! ಮಣ್ಣಿನ ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟಿದ್ದರು, ಅಷ್ಟೇ. ಡೀಸೆಲ್ ಬಿಲ್ಲು ಬೇರೆಯವರ ಹೆಸರಿಗೆ ಹೋಗಿ, ಲೆಕ್ಕ ಸ್ಕೋಪ್ 1ರಿಂದ (ಕಂಪನಿ ತಾನೇ ಸುಟ್ಟದ್ದು) ಸ್ಕೋಪ್ 3ಕ್ಕೆ (ಅದರ ಕೆಲಸಕ್ಕಾಗಿ ಬೇರೆಯವರು ಹೊರಸೂಸಿದ್ದು) ಜಾರಿತ್ತು. ಆ ಪುಟ ಖಾಲಿ. ಷೇರುಪೇಟೆ ನಿಯಂತ್ರಕ ಸೆಬಿ ಕಂಪನಿಗಳಿಂದ ಪರಿಸರದ ಲೆಕ್ಕ ಕೇಳುವ ಬಿಆರ್‌ಎಸ್‌ಆರ್ ನಮೂನೆ ಬಂದಾಗಲೂ ಸ್ಕೋಪ್ 3 ಐಚ್ಛಿಕವಾಗಿಯೇ ಇತ್ತು, ಕೇಳುವವರಾರು?

ಆಮೇಲೆ ವರದಿ ಬದಿಗಿಟ್ಟು ಸ್ಟೋರ್ ರಿಜಿಸ್ಟರ್ ಹಿಡಿದೆ. ದುಡ್ಡು ಯಾರೇ ಕೊಡಲಿ, ಗೇಟಿನೊಳಗೆ ಸುರಿದ ಪ್ರತಿ ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಬರೆದುಕೊಂಡೆ.

ಆದರೆ ದೊಡ್ಡ ಬಾಬತ್ತು ಸಿಮೆಂಟಿನದು. ಅದಕ್ಕಾಗಿ ಒಂದು ಟನ್ ಶುದ್ಧ ಸುಣ್ಣಕಲ್ಲು ಸುಟ್ಟರೆ ಕಲ್ಲಿನಿಂದಲೇ 440 ಕೆ.ಜಿ. ಹೊರಬೀಳುತ್ತದೆ, ಗೂಡಿಗೆ ಹಾಕಿದ ಇಂಧನದ್ದು ಬೇರೆ. ಸಿಮೆಂಟಿನ ಒಂದು ಪಾಲಿನ ಬದಲು ಹಾರುಬೂದಿ (ಕಲ್ಲಿದ್ದಲು ಸುಟ್ಟುಳಿದ ಬೂದಿ) ಬೆರೆಸಿದಷ್ಟೂ ಇದು ಇಳಿಯುತ್ತದೆ. ಬೂದಿ ಬಳಸುತ್ತೇವೆಂದು ಮೂವರೂ ಬರೆದಿದ್ದರು. ಕಾಂಕ್ರೀಟ್ ಪ್ಲಾಂಟಿನ ಬ್ಯಾಚ್ ಸ್ಲಿಪ್ ತರಿಸಿ ನೋಡಿದರೆ, ಒಬ್ಬರಲ್ಲಿ ಸ್ಲ್ಯಾಬ್ ಹಾಕಿದ ದಿನಗಳಲ್ಲೆಲ್ಲ ಬೂದಿಯ ಕಾಲಂ ಸೊನ್ನೆ.

ಸೈಟ್ ಎಂಜಿನಿಯರ್ ಹುಡುಗನನ್ನು ಕೇಳಿದೆ. "ಏಳು ದಿನಕ್ಕೊಂದು ಸ್ಲ್ಯಾಬ್ ಸರ್. ಬೂದಿ ಹಾಕಿದ್ರೆ ಗಟ್ಟಿಯಾಗೋದು ನಿಧಾನ, ಸೆಂಟ್ರಿಂಗ್ ಬಿಚ್ಚೋಕಾಗಲ್ಲ. ನೀವು ಬರ್ಕೊಂಡು ಹೋಗ್ತೀರಿ, ಬೈಸ್ಕೊಳ್ಳೋನು ನಾನು." ಅವನದು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ. ಗುರಿ ಬರೆದವರು ಕೆಲಸದ ವೇಳಾಪಟ್ಟಿಯನ್ನು ಮುಟ್ಟಿರಲೇ ಇಲ್ಲ.

ಹಾಗಾಗಿ ನನ್ನ ಅಳತೆ ಬದಲಾಯಿತು. ವರ್ಷದ ಒಟ್ಟು ಮೊತ್ತ ಬಿಟ್ಟೆ, ಕೆಲಸ ಕಡಿಮೆಯಾದ ವರ್ಷ ಅದು ತಾನಾಗಿಯೇ ಇಳಿಯುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಎಷ್ಟು ಎಂದು ಎಂ25, ಎಂ40 ಎಂಬ ಬಲದ ಗ್ರೇಡ್‌ವಾರು ಹೋಲಿಸಿದೆ. ಜೊತೆಗೊಂದು ಪ್ರಶ್ನೆ: ತಿಂಗಳುಗಟ್ಟಲೆ ಪೂರ್ತಿ ಭಾರ ಬೀಳದ ಪಾಯಕ್ಕೆ ಬೂದಿಯ ಕಾಂಕ್ರೀಟ್ 28 ದಿನದ ಬದಲು 56 ದಿನಕ್ಕೆ ಬೇಕಾದ ಬಲ ತಲುಪಿದರೆ ಸಾಕೆಂದು ಡಿಸೈನರ್ ಹತ್ತಿರ ಒಪ್ಪಿಗೆ ಪಡೆದಿದ್ದೀರಾ?

ಪಡೆದಿದ್ದವರು ಒಬ್ಬರೇ. ಅವರ ವರದಿ ನಾಲ್ಕು ಪುಟದ ಜೆರಾಕ್ಸ್. ಕೆಲಸ ಹೆಚ್ಚಿದ್ದರಿಂದ ಒಟ್ಟು ಹೊರಸೂಸುವಿಕೆಯೂ ಏರಿತ್ತು. ಆದರೂ ಘನ ಮೀಟರಿನ ಲೆಕ್ಕ ನೋಡಿ ಅವರನ್ನೇ ಮೊದಲಿಗಿಟ್ಟೆ. "ಏರಿಸಿದವರಿಗೆ ಮೊದಲ ಸ್ಥಾನವೇನ್ರೀ?" ಎಂದರು ಕೆಲಸ ಕೊಟ್ಟವರು. ಮೂರೂ ಕಂಪನಿಗಳ ಬ್ಯಾಚ್ ಸ್ಲಿಪ್‌ಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಹರಡಿದೆ.