ಜೈಲಿನಲ್ಲಿರುವ ತಮ್ಮನಿಗೆ ಮನೆಯ ಸುದ್ದಿ ತಲುಪಿಸುವುದು ಹೇಗೆ

ನನ್ನ ತಮ್ಮ 14 ತಿಂಗಳು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ. ಕೇಸು ಇನ್ನೂ ನಡೆಯುತ್ತಿತ್ತು, ಶಿಕ್ಷೆ ಆಗಿರಲಿಲ್ಲ. ನಮ್ಮದು ಬೈಲಹೊಂಗಲದ ಹತ್ತಿರದ ಊರು. ಮೊದಲ ಸಲ ಅವ್ವ ಮತ್ತು ನಾನು ಡಬ್ಬಿ ತುಂಬ ಹೋಳಿಗೆ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹೊರಟೆವು. ಗೇಟಿನಿಂದಲೇ ವಾಪಸ್ ಬಂದೆವು. ಅವತ್ತು ಭೇಟಿಯ ದಿನ ಆಗಿರಲಿಲ್ಲ. ಅವ್ವನ ಹತ್ತಿರ ಆಧಾರ್ ಕಾರ್ಡೂ ಇರಲಿಲ್ಲ. ಬಸ್ಸಿನಲ್ಲಿ ಅವ್ವ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದಳು. ನಿಮ್ಮ ಮನೆಯವರಿಗೆ ಹಾಗಾಗಬಾರದು.

ಮೊದಲು ನಿಮ್ಮವರು ಯಾವ ಜೈಲಿನಲ್ಲಿದ್ದಾರೆ ಅಂತ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಹಿಂಡಲಗಾದಿಂದ ವಿಜಯಪುರದ ದರ್ಗಾ ಜೈಲಿಗೋ, ಬೇರೆ ಕಡೆಗೋ ಕಳಿಸಿರಬಹುದು. ಪೂರ್ತಿ ಹೆಸರು, ತಂದೆಯ ಹೆಸರು, ಜೈಲಿನಲ್ಲಿ ಕೊಟ್ಟ ಕೈದಿ ನಂಬರು, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಕಡೆ ಇದನ್ನೇ ಕೇಳುತ್ತಾರೆ.

ಭೇಟಿಗೆ ಅಲ್ಲಿ ಎಲ್ಲರೂ ಮುಲಾಕಾತ್ ಅಂತಾರೆ. ಅದರ ದಿನ ಮತ್ತು ಸಮಯ ಕೇಳಿಕೊಂಡೇ ಮನೆ ಬಿಡಿ. ಹೋಗುವ ಪ್ರತಿಯೊಬ್ಬರದ್ದೂ ಗುರುತಿನ ಚೀಟಿ ಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲ. ಬಟ್ಟೆ, ತಿಂಡಿ ಏನು ಕೊಡಬಹುದು ಅಂತ ಮೊದಲೇ ವಿಚಾರಿಸಿ. ದುಡ್ಡು ಕೊಡುವುದಿದ್ದರೆ ಜೈಲಿನ ಕಚೇರಿಯಲ್ಲೇ ನಿಮ್ಮವರ ಖಾತೆಗೆ ಜಮಾ ಮಾಡಿಸಿ. ಒಳಗೆ ತಲುಪಿಸುತ್ತೇನೆ ಅನ್ನುವ ಯಾರ ಕೈಗೂ ಕೊಡಬೇಡಿ. ದೂರದಲ್ಲಿದ್ದರೆ ಇ-ಪ್ರಿಸನ್ಸ್ ಅನ್ನುವ ಸರ್ಕಾರದ ವೆಬ್‌ಸೈಟಿನ ಇ-ಮುಲಾಕಾತ್‌ನಲ್ಲಿ ಅರ್ಜಿ ಹಾಕಿ. ನೇರ ಭೇಟಿಗೂ, ವಿಡಿಯೋ ಭೇಟಿಗೂ ಅಲ್ಲೇ ಕೇಳಬಹುದು.

ಸಿಗುವ ಸಮಯ ತುಂಬಾ ಕಡಿಮೆ. ಸುತ್ತ ಗದ್ದಲ. ಅವ್ವ ಮೊದಲ ಭೇಟಿಯಿಡೀ ಅತ್ತಳು. ಕೊನೆಗೆ ಅವನೇ "ಅವ್ವಾ, ಊಟಾ ಮಾಡೀಯೇನು?" ಅಂತ ಕೇಳಿದ. ಆಮೇಲೆ ನಾವು ಮಾತಾಡಬೇಕಾದ ನಾಲ್ಕು ವಿಷಯ ಬಸ್ಸಿನಲ್ಲೇ ಗೊತ್ತು ಮಾಡಿಕೊಂಡು ಹೋಗುತ್ತಿದ್ದೆವು. ಒಂದು ಮಾತು ಮಾತ್ರ ಬೇಡ: "ಮುಂದಿನ ವಾರ ಬೇಲ್ ಆಗುತ್ತದೆ." ನಾನು ಧೈರ್ಯಕ್ಕೆ ಅಂತ ಹಾಗೆ ಹೇಳಿದ್ದೆ. ಬೇಲ್ ಆಗಲಿಲ್ಲ. ಮುಂದಿನ ಎರಡು ಭೇಟಿಯಲ್ಲಿ ಅವನು ನನ್ನ ಮುಖ ನೋಡಿ ಮಾತಾಡಲಿಲ್ಲ.

ಒಳಗಿನ ಫೋನಿನಿಂದ ಮೊದಲೇ ಬರೆಸಿದ ನಂಬರಿಗೆ ಮಾತ್ರ ಮಾತಾಡಬಹುದು. ಮನೆಯಲ್ಲಿ ಯಾವಾಗಲೂ ಇರುವವರ ನಂಬರು ಕೊಡಿಸಿ. ಆ ಸಿಮ್ಮಿನ ರೀಚಾರ್ಜ್ ಮುಗಿಯಲು ಬಿಡಬೇಡಿ. ಗೊತ್ತಿಲ್ಲದ ನಂಬರು ಅಂತ ಕಟ್ ಮಾಡಬೇಡಿ. ಅವರಿಗೆ ತಿರುಗಿ ಫೋನ್ ಮಾಡಲು ನಮಗೆ ದಾರಿ ಇಲ್ಲ ಅಲ್ವಾ?

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಅದನ್ನು ಕೊಟ್ಟಿದೆ. ಪ್ರತಿ ಕೇಸಿಗೂ ಕೋರ್ಟು ಕೊಡುವ 16 ಅಕ್ಷರ-ಅಂಕಿಯ ಗುರುತಿನ ನಂಬರು, ಅಂದರೆ ಸಿಎನ್‌ಆರ್ ನಂಬರು, ವಕೀಲರಿಂದ ಕೇಳಿ ಪಡೆದರೆ ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು.

ಇಷ್ಟೆಲ್ಲ ಇದ್ದರೂ ನಮ್ಮನ್ನು ಉಳಿಸಿದ್ದು ಕಾಗದ. 50 ಪೈಸೆಯ ಪೋಸ್ಟ್‌ಕಾರ್ಡ್ ಸಾಕು. ಚೀಟಿಯಲ್ಲಿರುವ ಮೂರು ವಿವರ, ಜೈಲಿನ ವಿಳಾಸ, ನಿಮ್ಮ ವಿಳಾಸ ಸ್ಪಷ್ಟವಾಗಿ ಬರೆಯಿರಿ. ಸಿಬ್ಬಂದಿ ಓದಿಯೇ ಕೊಡುತ್ತಾರೆ, ಹಾಗಾಗಿ ಕೇಸಿನ ವಿಷಯ ಬೇಡ. ನಾನು ಸುಮ್ನೆ ಹೊಲದ ಸುದ್ದಿ ಬರೆಯುತ್ತಿದ್ದೆ. ಆಕಳು ಈದದ್ದು, ಸೋಯಾಬೀನ್ ರಾಶಿ ಮಾಡಿದ್ದು, ಎಳ್ಳಮಾವಾಸ್ಯೆಗೆ ಯಾರು ಚರಗ ಚೆಲ್ಲಿದರು ಅನ್ನೋದು. ಆಕಳು ಈದ ಸುದ್ದಿಗೆ ಅವನು, "ಕರುವಿಗೆ ಗಿಣ್ಣದ ಹಾಲು ಕುಡಿಸಿದ್ರೋ ಇಲ್ಲೋ, ಎಲ್ಲಾ ಹಿಂಡಿಕೊಂಡ್ರೋ?" ಅಂತ ಬರೆದ. ಬೈದು ಬರೆದಿದ್ದ. ಅದನ್ನು ಓದಿ ಅವ್ವ ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು.

ಉತ್ತರ ಬರುವುದು ತಡವಾಗುತ್ತದೆ. ಕೆಲವು ವಾರ ಅವರಿಗೆ ಬರೆಯಲು ಮನಸ್ಸೇ ಇರುವುದಿಲ್ಲ. ನೀವು ಕಾಯಬೇಡಿ, ಮುಂದಿನ ಸೋಮವಾರ ಇನ್ನೊಂದು ಕಾರ್ಡ್ ಹಾಕಿ.