ಅಗ್ಗದ ಸೌಂಡ್ ಮೀಟರ್ ಇಟ್ಟುಕೊಂಡು ನನ್ನ ರೂಮು ಅಳೆದದ್ದು

ಮೈಸೂರಿನ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಅಲ್ಲೇ ಹಾಡು ರೆಕಾರ್ಡ್ ಮಾಡಿ ಮಿಕ್ಸಿಂಗ್ ಮಾಡುತ್ತೇನೆ. ಇಲ್ಲಿ ಕೂತು ಕೇಳುವಾಗ ಹದವಾಗಿರುವ ಬೇಸ್, ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಎದೆಗೆ ಗುದ್ದುವಷ್ಟು ಜಾಸ್ತಿ ಇರುತ್ತಿತ್ತು. ಎರಡು ವರ್ಷ ಇದೇ ಗೋಳು. ತಪ್ಪು ನನ್ನ ಕಿವಿಯದೋ ರೂಮಿನದೋ ಗೊತ್ತಾಗಲೇಬೇಕು ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ 1,800 ರೂಪಾಯಿ ಕೊಟ್ಟು ಒಂದು ಸೌಂಡ್ ಲೆವೆಲ್ ಮೀಟರ್ ತಂದೆ. ಡಬ್ಬದ ಮೇಲೆ 30ರಿಂದ 130 ಡಿಬಿ (ಡೆಸಿಬೆಲ್, ದನಿ ಎಷ್ಟು ಜೋರು ಅನ್ನುವ ಅಳತೆ), ಪ್ಲಸ್ ಮೈನಸ್ 1.5 ಅಂತ ಬರೆದಿತ್ತು.

ಮೊದಲ ದಿನವೇ ಲ್ಯಾಪ್‌ಟಾಪಿನಿಂದ ಒಂದೊಂದೇ ಟೋನ್ ಹಾಕಿ, 30 ಹರ್ಟ್ಜ್‌ನಿಂದ 200ರ ತನಕ (ಹರ್ಟ್ಜ್ ಅಂದರೆ ಸೆಕೆಂಡಿಗೆ ಇಷ್ಟು ಕಂಪನ, ಅಂಕಿ ಇಳಿದಷ್ಟೂ ಬೇಸ್) ಬಂದ ಅಂಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೀಟರ್ ಪ್ರಕಾರ 60 ಹರ್ಟ್ಜ್ ಕೆಳಗೆ ನನ್ನ ರೂಮಿನಲ್ಲಿ ದನಿಯೇ ಇಲ್ಲ! ಕಿಟಕಿ ಗಾಜು ಅದುರುತ್ತಿದೆ, ಮೀಟರ್ ನೋಡಿದರೆ 50 ಚಿಲ್ಲರೆ ತೋರಿಸುತ್ತಿದೆ. ಅಗ್ಗದ ಸಾಮಾನು ಇಷ್ಟೇ ಅಂದುಕೊಂಡು ಪಕ್ಕಕ್ಕಿಡುವವನಿದ್ದೆ.

ಮೀಟರ್ ಸರಿಯಾಗೇ ಇತ್ತು. ನಾನು ಅದನ್ನು ಎ ತೂಕದಲ್ಲಿ (ಎ ವೆಯ್ಟಿಂಗ್ ಅನ್ನುವ ಸೆಟ್ಟಿಂಗ್) ಬಿಟ್ಟಿದ್ದೆ. ಸಣ್ಣ ದನಿಗಳಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದಲ್ವಾ, ಅದನ್ನು ಅನುಕರಿಸಲು ಎ ತೂಕ ಬೇಸನ್ನು ಬೇಕಂತಲೇ ಇಳಿಸುತ್ತದೆ. 100 ಹರ್ಟ್ಜ್‌ನಲ್ಲಿ 19 ಡಿಬಿ, 50ರಲ್ಲಿ 30 ಡಿಬಿ. ಸಿ ತೂಕಕ್ಕೆ ಹಾಕಿದರೆ 50ರಲ್ಲಿ ಇಳಿಯುವುದು ಒಂದೂಕಾಲು ಡಿಬಿ ಅಷ್ಟೇ. ರೂಮಿನ ಬೇಸ್ ನೋಡುವವರು ಸಿ, ಸ್ಲೋ (ಅಂಕಿ ನಿಧಾನವಾಗಿ ಬದಲಾಗುವ ಸೆಟ್ಟಿಂಗ್), ಎರಡನ್ನೂ ಮೊದಲು ಒತ್ತಿಕೊಳ್ಳಿ.

ಆಮೇಲೆ ಬಂದದ್ದು ನಂಬಿಕೆಯ ಪ್ರಶ್ನೆ. ಕಾರ್ಖಾನೆಗಳಲ್ಲಿ ಶಬ್ದ ಅಳೆಯುವ ಕೆಲಸದ ಗೆಳೆಯನೊಬ್ಬ ಒಂದು ದಿನದ ಮಟ್ಟಿಗೆ ಕ್ಯಾಲಿಬ್ರೇಟರ್ ಕೊಟ್ಟ. ಮೈಕಿನ ಮೂತಿಗೆ ಸಿಕ್ಕಿಸಿದರೆ 1,000 ಹರ್ಟ್ಜ್‌ನಲ್ಲಿ ನಿಖರವಾಗಿ 94 ಡಿಬಿ ಕೊಡುವ ಸಣ್ಣ ಡಬ್ಬಿ ಅದು. ನನ್ನ ಮೀಟರ್ 95.3 ಅಂದಿತು. ಪಕ್ಕದಲ್ಲಿರುವ ಪುಟ್ಟ ಸ್ಕ್ರೂ ತಿರುಗಿಸಿ 94ಕ್ಕೆ ತಂದೆ. ಅಂದರೆ ಡಬ್ಬದ ಮೇಲಿನ 1.5 ಸುಳ್ಳಲ್ಲ, ಆದರೆ ಅದು ಈ ಒಂದು ಜಾಗದ ಮಾತು. 1,000ದಿಂದ ದೂರ ಹೋದಷ್ಟೂ ಆ ಭರವಸೆ ಸಡಿಲವಾಗುತ್ತದೆ. ಅಂತಾರಾಷ್ಟ್ರೀಯ ಮಾನದಂಡ ಐಇಸಿ 61672ರಲ್ಲಿ ಕ್ಲಾಸ್ 2 (ಎರಡನೇ ದರ್ಜೆ) ಮೀಟರಿಗೂ 1,000ದಲ್ಲಿ 1 ಡಿಬಿ, 63ರಲ್ಲಿ 2, 8,000ದಲ್ಲಿ 5 ಡಿಬಿ ತನಕ ರಿಯಾಯಿತಿ ಇದೆ. ನನ್ನದಕ್ಕೆ ಆ ಕ್ಲಾಸ್ ಗುರುತೂ ಇಲ್ಲ.

ಹಾಗಾಗಿ ಇನ್ನೊಬ್ಬ ಗೆಳೆಯನ ಯುಮಿಕ್-1 ಅನ್ನುವ, ಅಳತೆಗೆಂದೇ ಮಾಡಿದ ಮೈಕ್ ತಂದೆ. ಪ್ರತಿ ಮೈಕಿಗೂ ಅದರದೇ ಸೀರಿಯಲ್ ನಂಬರಿನ ಕ್ಯಾಲಿಬ್ರೇಷನ್ ಫೈಲ್ ಸಿಗುತ್ತದೆ, ಕಂಪ್ಯೂಟರಿನಲ್ಲಿ ಆರ್‌ಇಡಬ್ಲ್ಯು ಅನ್ನುವ ಸಾಫ್ಟ್‌ವೇರ್ ಇದ್ದರೆ ಆಯಿತು. ಎರಡೂ ಮೈಕಿನ ತುದಿಗಳನ್ನು ಎರಡು ಬೆರಳಿನ ಅಂತರದಲ್ಲಿ ಕಟ್ಟಿ, ಅದೇ ಟೋನ್‌ಗಳನ್ನು ಮತ್ತೆ ಹಾಕಿದೆ. 100ರಿಂದ 2,000ದ ತನಕ ನನ್ನ ಮೀಟರ್ ಒಂದು ಡಿಬಿ ಆಚೀಚೆ, ಬಹಳ ಚೆನ್ನಾಗಿತ್ತು. 40ರಲ್ಲಿ 3 ಡಿಬಿ ಕಡಿಮೆ, 30ರಲ್ಲಿ 5 ಕಡಿಮೆ. 5,000ದ ಮೇಲೆ ಮೈಕನ್ನು ಸ್ಪೀಕರ್ ಕಡೆ ತಿರುಗಿಸಿದರೆ ಒಂದು ಅಂಕಿ, ಮೇಲಕ್ಕೆ ತಿರುಗಿಸಿದರೆ ಇನ್ನೊಂದು. ಈ ವ್ಯತ್ಯಾಸಗಳನ್ನು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೆ ಅಂಟಿಸಿದ್ದೇನೆ. ನಿಮ್ಮ ಮೀಟರಿಗೆ ನನ್ನ ಚೀಟಿ ಕೆಲಸಕ್ಕೆ ಬರುವುದಿಲ್ಲ. ಒಂದೇ ಮಾದರಿಯ ಎರಡು ಮೀಟರ್‌ಗಳೂ ಬೇರೆ ಬೇರೆ ಇರುತ್ತವೆ.

ಇನ್ನು ನನ್ನನ್ನು ಎರಡು ವರ್ಷ ಕಾಡಿದ ವಿಷಯ. ದನಿಯ ವೇಗ ಸೆಕೆಂಡಿಗೆ 343 ಮೀಟರ್. 12 ಅಡಿ ಅಂದರೆ 3.66 ಮೀಟರ್. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆ 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸಿಗುತ್ತದೆ, ಹತ್ತಿರ ಹತ್ತಿರ 47 ಹರ್ಟ್ಜ್. ಈ ಅಲೆಯ ಒತ್ತಡ ಗೋಡೆಯ ಹತ್ತಿರ ಅತಿ ಜಾಸ್ತಿ, ಸರಿಯಾಗಿ ನಡುವೆ ಅತಿ ಕಡಿಮೆ. ನನ್ನ ಕುರ್ಚಿ ಇದ್ದದ್ದು ಸರಿಯಾಗಿ 6 ಅಡಿಗೆ! 47 ಹರ್ಟ್ಜ್ ಟೋನ್ ಹಾಕಿ ಅಳೆದರೆ ಹಿಂದಿನ ಗೋಡೆಯ ಹತ್ತಿರ 84, ಕುರ್ಚಿಯಲ್ಲಿ 67. ಕೂತ ಜಾಗದಲ್ಲಿ ಬೇಸ್ ಕೇಳಿಸದೆ ನಾನು ಏರಿಸುತ್ತಾ ಹೋಗುತ್ತಿದ್ದೆ, ಕಾರಿನಲ್ಲಿ ಅದು ಗುದ್ದುತ್ತಿತ್ತು. ಒಂದೇ ಅಡಿ ಮುಂದಕ್ಕೆ ಜರುಗಿದರೆ 72. ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ಕುರ್ಚಿ ತಂದರೆ 75.

ಇಲ್ಲಿ ಸ್ವಲ್ಪ ನಿಂತು ನೋಡಿ. 40ರ ಆಸುಪಾಸಿನಲ್ಲಿ ನನ್ನ ಮೀಟರ್ 3 ಡಿಬಿ ತಪ್ಪು ಹೇಳುತ್ತದೆ, ಸರಿ. ಆದರೆ ಒಂದೇ ಟೋನಿಗೆ ಎರಡು ಜಾಗ ಹೋಲಿಸುವಾಗ ಆ ತಪ್ಪು ಎರಡೂ ಕಡೆ ಒಂದೇ ಆಗಿರುತ್ತದೆ, ಕಳೆದಾಗ ಹೊರಟುಹೋಗುತ್ತದೆ. ರೂಮಿನೊಳಗಿನ ಏರಿಳಿತ 17 ಡಿಬಿ. ಅದನ್ನು ಹಿಡಿಯಲು 1,800 ರೂಪಾಯಿಯ ಮೀಟರ್ ಧಾರಾಳವಾಗಿ ಸಾಕು. ಒಂದೇ ಷರತ್ತು, ಅಳೆಯುವ ರೀತಿ ಬದಲಾಗಬಾರದು. ಕೈಯಲ್ಲಿ ಹಿಡಿದು ಅಳೆಯುತ್ತಿದ್ದಾಗ ನಾನು ಪಕ್ಕಕ್ಕೆ ಸರಿದರೂ 2 ಡಿಬಿ ಹೆಚ್ಚುಕಮ್ಮಿ ಆಗುತ್ತಿತ್ತು. ಈಗ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ನೆಲಕ್ಕೆ ಟೇಪ್ ಅಂಟಿಸಿ, ಫ್ಯಾನ್ ಆರಿಸಿ, ನಾನು ಬಾಗಿಲ ಹೊರಗೆ ನಿಂತು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತೇನೆ.

ಆಗದ ಕೆಲಸಗಳೂ ಇವೆ. ರಾತ್ರಿ 2 ಗಂಟೆಗೆ ರೂಮು ಎಷ್ಟು ನಿಶ್ಶಬ್ದ ಅಂತ ಅಳೆದೆ, 33 ಬಂತು. ಖುಷಿಯಾಯಿತು. ಮೀಟರನ್ನು ಎರಡು ಕಂಬಳಿಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟರೂ 33! ಅದು ರೂಮಿನ ಸದ್ದಲ್ಲ, ಮೀಟರಿನೊಳಗಿನದೇ ಸದ್ದು. ರೂಮಿನ ನಿಜವಾದ ಸದ್ದೂ 33 ಇದ್ದಿದ್ದರೆ ಎರಡೂ ಸೇರಿ 36 ತೋರಿಸಬೇಕಿತ್ತು (ಡಿಬಿ ಲೆಕ್ಕದಲ್ಲಿ ಎರಡು ಸಮ ಸದ್ದು ಸೇರಿದರೆ 3 ಮಾತ್ರ ಏರುತ್ತದೆ). ಹಾಗಾಗಿ 40 ಡಿಬಿ ಕೆಳಗೆ ಇದು ಹೇಳಿದ್ದನ್ನು ನಾನು ಬರೆದುಕೊಳ್ಳುವುದೇ ಇಲ್ಲ. ಪಕ್ಕದ ಮನೆಯ ಗಲಾಟೆಗೆ ದೂರು ಕೊಡಲು ಇಂಥದ್ದು ಸಾಕಾ ಅಂತ ಕೆಲವರು ಕೇಳುತ್ತಾರೆ. ವಸತಿ ಪ್ರದೇಶಕ್ಕೆ ನಮ್ಮ ಕಾನೂನಿನ ಮಿತಿ ಹಗಲು 55, ರಾತ್ರಿ 45, ಅದೂ ಒಂದು ಅವಧಿಯ ಸರಾಸರಿ. ಸರಾಸರಿ ತೆಗೆಯಲು ಬಾರದ ಮೀಟರಿನಿಂದ ಅಂದಾಜು ಸಿಗಬಹುದು, ಸಾಕ್ಷಿ ಸಿಗುವುದಿಲ್ಲ.

ಚಪ್ಪಾಳೆ ತಟ್ಟಿ, ಅಂಕಿ ಇಳಿಯುವುದನ್ನು ನೋಡಿ ರೂಮಿನಲ್ಲಿ ದನಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಲೆಕ್ಕ ಹಾಕಲೂ ಹೋಗಬೇಡಿ. ಫಾಸ್ಟ್‌ನಲ್ಲಿಟ್ಟರೂ ಮೀಟರ್ ಸೆಕೆಂಡಿಗೆ ಸುಮಾರು 35 ಡಿಬಿಗಿಂತ ಬೇಗ ಇಳಿಯಲಾರದು, ಅದರ ಕಟ್ಟೋಣವೇ ಹಾಗೆ. ಈ ಲೆಕ್ಕಕ್ಕೆ ದನಿ 60 ಡಿಬಿ ಇಳಿಯುವ ಹೊತ್ತು ನೋಡುತ್ತಾರೆ. ಅಷ್ಟು ಇಳಿಯಲು ಮೀಟರಿಗೇ 1.7 ಸೆಕೆಂಡ್ ಬೇಕು, ನನ್ನಂಥ ಸಣ್ಣ ರೂಮಿನ ದನಿ ಅರ್ಧ ಸೆಕೆಂಡಿನಲ್ಲಿ ಮುಗಿದಿರುತ್ತದೆ. ಇದಕ್ಕೆ ಮೈಕ್ ಮತ್ತು ಸಾಫ್ಟ್‌ವೇರ್ ಬೇಕೇ ಬೇಕು.

ಈ ತಿಂಗಳು ಹಿಂದಿನ ಎರಡು ಮೂಲೆಗೆ ರಾಕ್‌ವೂಲ್ (ದನಿ ಹೀರುವ ನಾರು) ತುಂಬಿದ ದಪ್ಪ ಪ್ಯಾನೆಲ್ ಹಾಕುತ್ತಿದ್ದೇನೆ. ಅಗಲ ಎತ್ತರ ಎರಡೂ 10 ಅಡಿ ಆದ್ದರಿಂದ 56 ಹರ್ಟ್ಜ್‌ನಲ್ಲಿ ಎರಡು ಅಲೆಗಳು ಒಂದರ ಮೇಲೊಂದು ಕೂತಿವೆ, ಕುರ್ಚಿ ಜರುಗಿಸಿದರೆ ಅದು ಹೋಗುವುದಿಲ್ಲ. ಪ್ಯಾನೆಲ್ ಹಾಕುವ ಮುಂಚಿನ ಅಂಕಿಗಳನ್ನು ಮೊನ್ನೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿ ಬರೆದಿಟ್ಟಿದ್ದೇನೆ. ನೆಲದ ಟೇಪ್ ಹಾಗೇ ಇದೆ.